ಜೋಡಿ ಪೆಡಲಿನ ಮಳೆಗಾಲ

ಕಳೆದ ತಿಂಗಳು ಮಗಳ ಮನೆಗೆಂದು ಕ್ಯಾಬಿನಲ್ಲಿ ಅಂಜನಾಪುರದ ಕಡೆ ಹೋಗುತ್ತಿದ್ದೆ. ಕನಕಪುರ ರಸ್ತೆಯ ಒಂದು ಸಣ್ಣ ಏರಿನಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಪಕ್ಕದ ಕಾರಿನವರು ಬ್ರೇಕ್ ಹಿಡಿಯುವ ಬದಲು ಕ್ಲಚ್ಚನ್ನೇ ಅರ್ಧಕ್ಕೆ ಹಿಡಿದು ಕಾರನ್ನು ಏರಿನಲ್ಲಿ ತೂಗಿಸುತ್ತಿದ್ದರು. ಎರಡು ನಿಮಿಷವಾಗುವಷ್ಟರಲ್ಲಿ ಆ ವಾಸನೆ ಬಂತು. ಕ್ಲಚ್ ಪ್ಲೇಟು ಸುಟ್ಟ ವಾಸನೆ ಗೊತ್ತಿಲ್ಲದವರಿಗೆ, ಹಳೆಯ ಹವಾಯಿ ಚಪ್ಪಲಿಯನ್ನು ಒಲೆಗೆ ಹಾಕಿದ ಹಾಗೆ ಎಂದರೆ ಸಾಕು. ಕ್ಯಾಬಿನ ಹುಡುಗ ಮೂಗು ಮುಚ್ಚಿಕೊಂಡು ಗಾಜು ಏರಿಸಿದ. ನಾನು ನನ್ನ ಕಡೆಯದನ್ನು ಇಳಿಸಿದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ಅವನಿಗೆ ಹೇಳಲು ಅಂಜನಾಪುರದವರೆಗಿನ ದಾರಿ ಸಾಲದು ಎನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬನಶಂಕರಿ ಎರಡನೇ ಹಂತದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನೊಂದು ಡ್ರೈವಿಂಗ್ ಸ್ಕೂಲ್ ನಡೆಸಿದೆ. ಸ್ಕೂಲ್ ಎಂದರೆ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಾರ್ಟು, ಮೇಜಿನ ಮೇಲೆ ಸೀಳಿಟ್ಟ ಒಂದು ಗೇರ್ ಬಾಕ್ಸು, ಹೊರಗೆ ಎರಡು ಕಾರು, ಮತ್ತೆ ನಾನು. ಗೇರ್ ಬಾಕ್ಸ್ ಯಾಕೆ ಇಟ್ಟಿದ್ದೀರಿ ಎಂದು ಕಲಿಯಲು ಬಂದವರೆಲ್ಲ ಕೇಳುತ್ತಿದ್ದರು. ಇಡಬೇಕು ಎಂದು ಕೇಂದ್ರ ಸಾರಿಗೆ ಇಲಾಖೆಯ ನಿಯಮವಿದೆ, ಅದಕ್ಕೆ ಇಟ್ಟಿದ್ದೇನೆ ಎನ್ನುತ್ತಿದ್ದೆ. ಅವರಿಗೆ ಅಷ್ಟು ಸಾಕಾಗುತ್ತಿತ್ತು, ನನಗೆ ಸಾಕಾಗುತ್ತಿರಲಿಲ್ಲ. ಯಾಕೆ ಎಂದು ಕೇಳುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಅವೆನ್ಯೂ ರಸ್ತೆಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ ದಪ್ಪ ಪುಸ್ತಕವೊಂದನ್ನು ಕೊಂಡು, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅದನ್ನು ಪತ್ತೇದಾರಿ ಕಾದಂಬರಿಯಂತೆ ಓದುತ್ತಿದ್ದೆ. ಎಲ್ ಅಕ್ಷರ ಕೆಂಪಗೇ ಇರಬೇಕು, ಇಷ್ಟೇ ಎತ್ತರ ಇರಬೇಕು, ಹಿನ್ನೆಲೆ ಬಿಳಿಯೇ ಆಗಬೇಕು. ಇದನ್ನೆಲ್ಲ ದೆಹಲಿಯ ಯಾವುದೋ ಕೋಣೆಯಲ್ಲಿ ಕುಳಿತು ಯಾರೋ ಸ್ಕೇಲು ಹಿಡಿದು ಅಳೆದಿರಬೇಕಲ್ಲ? ಅವರಿಗೆ ಕಾರು ಓಡಿಸಲು ಬರುತ್ತಿತ್ತೇ? ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಂಜೆ ಆರಕ್ಕೆ ಒಮ್ಮೆ ಪಾರ್ಕಿಂಗ್ ಹುಡುಕಿದ್ದರೆ ಇನ್ನೂ ಏನೇನು ನಿಯಮ ಬರೆಯುತ್ತಿದ್ದರೋ. ಹೆಂಡತಿ ವಿಮಲಾ ನಿಮಗೆ ಬೇರೆ ಕೆಲಸವಿಲ್ಲವೇ ಎನ್ನುತ್ತಿದ್ದಳು.

ಅದೇ ಪುಸ್ತಕದಲ್ಲಿ ನನ್ನ ಕಾಲಿಗೂ ಒಂದು ನಿಯಮವಿತ್ತು. ಕಲಿಸುವ ಗಾಡಿಯಲ್ಲಿ ಕಲಿಸುವವನ ಕೈಕಾಲಿಗೂ ನಿಲುಕುವ ಹಿಡಿತ ಇರಬೇಕು. ಹೀಗಾಗಿ ನನ್ನ ಕಾರುಗಳಲ್ಲಿ ಎಡಗಡೆಯ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು. ನಾನು ಈಚೆ ಒತ್ತಿದರೆ ಕಂಬಿಯ ಮೂಲಕ ಆಚೆ ಕಲಿಯುವವರ ಪೆಡಲೂ ಕೆಳಗಿಳಿಯುತ್ತದೆ. ಅದು ಇಲ್ಲದಿದ್ದರೆ ನಾನು ಈ ಕೆಲಸದಲ್ಲಿ ಒಂದು ವಾರವೂ ಉಳಿಯುತ್ತಿರಲಿಲ್ಲ.

ಅಂಬಿಕಾ ಬಂದದ್ದು ಆಷಾಢದಲ್ಲಿ. ಹತ್ತಿರ ಹತ್ತಿರ ಹತ್ತು ವರ್ಷದ ಹಿಂದಿನ ಮಾತು. ಹೊರಗೆ ಗಾಳಿ ಹೊಂಗೆಮರಗಳನ್ನು ಅಲ್ಲಾಡಿಸುತ್ತಿತ್ತು, ನನ್ನ ಬೋರ್ಡು ಒಂದು ಮೊಳೆಯ ಮೇಲೆ ನೇತಾಡುತ್ತಿತ್ತು. ಮೂವತ್ತರ ಆಸುಪಾಸಿನ ಹೆಂಗಸು ಒಳಗೆ ಬಂದು ನಮಸ್ಕಾರ ಮಾಡಿ, ಕೈಯಲ್ಲಿದ್ದ ಪುಟ್ಟ ಪುಸ್ತಕವನ್ನು ನನ್ನ ಮುಂದೆ ಇಟ್ಟಳು. ಮೊದಲೇ ಬರೆದು ತಂದಿದ್ದಳು. ನನಗೆ ಕಿವಿ ಕೇಳಿಸುವುದಿಲ್ಲ, ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ, ಕಾರು ಕಲಿಯಬೇಕು, ಆಗಲ್ಲ ಎನ್ನುವುದಿದ್ದರೆ ಈಗಲೇ ಹೇಳಿ, ಉತ್ತರಹಳ್ಳಿಗೆ ಬಸ್ಸು ಹಿಡಿಯಬೇಕು. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಮಾತು ಬರುತ್ತಿತ್ತು, ಆದರೆ ತನ್ನ ದನಿ ಹೇಗೆ ಕೇಳುತ್ತದೋ ಎಂಬ ಸಂಕೋಚಕ್ಕೆ ಹೊರಗಿನವರ ಮುಂದೆ ಬಾಯಿ ತೆರೆಯುತ್ತಿರಲಿಲ್ಲ.

ಅವಳ ಕೆಲಸ ಕೇಳಿ ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. ಜಯನಗರದ ಒಂದು ಲ್ಯಾಬಿನಲ್ಲಿ ಹಲ್ಲು ಮಾಡುತ್ತಿದ್ದಳು. ದಂತವೈದ್ಯರು ಕಳಿಸುವ ಅಚ್ಚು ನೋಡಿ, ಪಿಂಗಾಣಿಯಲ್ಲಿ ಕೃತಕ ಹಲ್ಲು ತಯಾರಿಸುವ ಕೆಲಸ. ಎಂಟು ವರ್ಷದಲ್ಲಿ ಸಾವಿರಾರು ಹಲ್ಲು ಮಾಡಿದ್ದಳು, ಒಂದನ್ನಾದರೂ ಬಾಯಲ್ಲಿ ನೋಡಿರಲಿಲ್ಲ. ಪಕ್ಕದ ಹಲ್ಲುಗಳ ಬಣ್ಣಕ್ಕೆ ಹೊಸ ಹಲ್ಲನ್ನು ಹೊಂದಿಸಲು ಕ್ಲಿನಿಕ್ಕಿಗೆ ಹೋಗುವವರು ಬೇರೆ, ಹಿಂದಿನ ಕೋಣೆಯಲ್ಲಿ ಕೂತು ಮಾಡುವವಳು ಇವಳು. ದೀಪಾವಳಿಯ ನಂತರ ಲ್ಯಾಬು ಅಂಜನಾಪುರಕ್ಕೆ ಹೋಗುವುದಿತ್ತು. ಅಲ್ಲಿಂದ ಲ್ಯಾಬಿನ ಪುಟ್ಟ ವ್ಯಾನು ತೆಗೆದುಕೊಂಡು ಯಾರಾದರೊಬ್ಬರು ದಿನಾ ಕ್ಲಿನಿಕ್ಕುಗಳನ್ನು ಸುತ್ತಬೇಕು. ಯಜಮಾನರು, ಅಷ್ಟರೊಳಗೆ ಲೈಸೆನ್ಸ್ ತಂದರೆ ಆ ಕೆಲಸ ಅಂಬಿಕಾಗೆ, ಇಲ್ಲದಿದ್ದರೆ ಹೊಸಬರನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದರು. ಅವಳು ಪುಸ್ತಕದಲ್ಲಿ ಬರೆದಳು: "ನಾನು ಮಾಡಿದ ಹಲ್ಲಲ್ಲಿ ಯಾರು ಹೇಗೆ ನಗ್ತಾರೆ ಅಂತ ನೋಡಬೇಕು ಸಾರ್." ಇಂಥ ಕುತೂಹಲದವಳಿಗೆ ಆಗಲ್ಲ ಎನ್ನುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ಕಲಿಕಾ ಲೈಸೆನ್ಸಿನ ಕೌಂಟರಿನಲ್ಲೇ ಮೊದಲ ತಡೆ. ವೈದ್ಯರು ತುಂಬುವ ಫಾರಮ್ಮಿನಲ್ಲಿ, ಅರ್ಜಿದಾರರಿಗೆ ಹಾರ್ನಿನಂಥ ಸಾಮಾನ್ಯ ಸದ್ದು ಕೇಳಿಸದಷ್ಟು ಕಿವುಡು ಇದೆಯೇ ಎಂಬ ಪ್ರಶ್ನೆಯಿತ್ತು. ಇದೆ ಎಂದು ಬರೆದ ಮೇಲೆ ಇನ್ನೇನು ಎಂದು ಕೌಂಟರಿನವರು ಕಾಗದ ವಾಪಸು ತಳ್ಳಿದರು. ಅವರ ತಪ್ಪೂ ಅಲ್ಲ. ಆದರೆ ದೆಹಲಿಯ ಇಲಾಖೆ ಇದೇ ವಿಷಯಕ್ಕೆ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದೆ ಎಂದು ನಾನು ಯಾರಿಂದಲೋ ಕೇಳಿದ್ದೆ. ಹುಡುಕಲು ಹೊರಟೆ. ಒಂದು ಪತ್ರ ದೆಹಲಿಯಿಂದ ರಾಜ್ಯದ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರಿಗೆ, ಅಲ್ಲಿಂದ ಒಂದೊಂದು ಕಚೇರಿಗೆ, ಅಲ್ಲಿಂದ ಬೀರುವಿನ ಯಾವುದೋ ಅರೆಗೆ ಹೋಗಿ ಮಲಗುವುದನ್ನು ಆ ಹದಿನೈದು ದಿನ ಹಿಂಬಾಲಿಸಿದೆ. ಕೊನೆಗೆ ನಮ್ಮಂಥದೇ ಇನ್ನೊಂದು ಸ್ಕೂಲಿನವರ ಬಳಿ ಅದರ ಜೆರಾಕ್ಸ್ ಸಿಕ್ಕಿತು. ದೊಡ್ಡ ಆಸ್ಪತ್ರೆಯ ವೈದ್ಯರನ್ನು ಕೇಳಿ ಬರೆದಿದ್ದರು. ಗಾಡಿ ಓಡಿಸುವುದು ಮುಖ್ಯವಾಗಿ ಕಣ್ಣಿನ ಕೆಲಸ, ಕಿವಿಯದ್ದು ಅದರಲ್ಲಿ ತೀರ ಕಡಿಮೆ, ಹಾಗಾಗಿ ಕಿವಿ ಕೇಳಿಸದವರೂ ಪರೀಕ್ಷೆ ಪಾಸಾದರೆ ಲೈಸೆನ್ಸ್ ಕೊಡಬಹುದು ಎಂಬುದು ಅದರ ಸಾರ. ಪ್ರಶ್ನೆ ಕೇಳಿದ್ದೂ ಅದೇ ಇಲಾಖೆ, ಉತ್ತರ ಕಂಡುಕೊಂಡದ್ದೂ ಅದೇ ಇಲಾಖೆ. ಕಚೇರಿಯ ಅಧಿಕಾರಿ ಎರಡು ಸಲ ಓದಿ, ಮೇಲಿನವರಿಗೆ ಫೋನ್ ಮಾಡಿ, ಸರಿ ಎಂದರು. ಆ ದಿನ ನನಗಾದ ಖುಷಿ ಸಣ್ಣದಲ್ಲ. ನಾನು ಅಷ್ಟು ದಿನ ಗೇಲಿ ಮಾಡಿಕೊಂಡು ಬಂದ ಆ ಸ್ಕೇಲು ಹಿಡಿದ ಮನುಷ್ಯ ಬನಶಂಕರಿಯ ಒಬ್ಬಳ ಬಗ್ಗೆ ಕೂತು ಯೋಚಿಸಿದ್ದಾನೆ ಎನ್ನಿಸಿತು.

ಇನ್ನು ಕಲಿಸುವುದು. ಡ್ರೈವಿಂಗ್ ಕಲಿಸುವವನ ಬಂಡವಾಳವೆಲ್ಲ ಬಾಯಿ. ಕ್ಲಚ್ ಒತ್ತಿ, ಬಿಡಿ, ನಿಧಾನ, ಅಲ್ಲಿ ಹಸು, ಇಲ್ಲಿ ಆಟೋ ಎಂದು ದಿನಕ್ಕೆ ಎಂಟು ಗಂಟೆ ಅರಚುತ್ತಿದ್ದವನು ನಾನು. ಅಂಬಿಕಾಗೆ ತುಟಿ ತೋರಿಸಬೇಕೆಂದರೆ ಅವಳು ರಸ್ತೆಯಿಂದ ಕಣ್ಣು ತೆಗೆಯಬೇಕು. ಕೈಸನ್ನೆಗೂ ಅದೇ ತೊಂದರೆ. ಮೂರನೇ ದಿನ ಪದ್ಮನಾಭನಗರದ ಒಂದು ತಿರುವಿನಲ್ಲಿ ಹಾಲಿನ ವ್ಯಾನು ಅಡ್ಡ ಬಂತು. ನಾನು ಗಾಬರಿಯಲ್ಲಿ ನನ್ನ ಬ್ರೇಕನ್ನು ಸ್ವಲ್ಪ ಒತ್ತಿದೆ. ಅವಳ ಕಾಲ ಕೆಳಗೆ ಅವಳ ಪೆಡಲು ಅಷ್ಟೇ ಇಳಿಯಿತು. ಅವಳು ತಕ್ಷಣ ಉಳಿದದ್ದನ್ನು ತಾನೇ ಒತ್ತಿ ಗಾಡಿ ನಿಲ್ಲಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾಷೆ ಸಿಕ್ಕಿಬಿಟ್ಟಿತ್ತು.

ಅಲ್ಲಿಂದ ಮುಂದೆ ನಮ್ಮ ಮಾತೆಲ್ಲ ಕಾಲಿನಲ್ಲೇ. ಬ್ರೇಕನ್ನು ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು, ಕ್ಲಚ್ಚನ್ನು ತಟ್ಟಿದರೆ ಗೇರ್ ಬದಲಿಸು. ಜೆ.ಪಿ. ನಗರದ ರಿಂಗ್ ರೋಡು, ಸಾರಕ್ಕಿ ಸಿಗ್ನಲ್ಲು, ಕನಕಪುರ ರಸ್ತೆಯಲ್ಲಿ ಮೆಟ್ರೋ ಕೆಲಸಕ್ಕೆ ನಿಲ್ಲಿಸಿದ್ದ ತಗಡಿನ ಗೋಡೆಗಳ ಸಂದು, ಎಲ್ಲ ಕಡೆ ಒಂದು ಮಾತಿಲ್ಲದೆ ಓಡಾಡಿದೆವು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ವೈಪರಿನ ಸದ್ದು ಬಿಟ್ಟರೆ ಕಾರಿನಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ, ಅದೂ ನನಗೊಬ್ಬನಿಗೇ. ಅವಳ ಕಣ್ಣು ಮಾತ್ರ ಕನ್ನಡಿಯಿಂದ ಕನ್ನಡಿಗೆ ಓಡುತ್ತಲೇ ಇರುತ್ತಿತ್ತು. ಹಿಂದಿನ ಸ್ಕೂಟರು ಹಾರ್ನ್ ಹೊಡೆಯುವ ಮೊದಲೇ ಪಕ್ಕಕ್ಕೆ ಸರಿಯುತ್ತಿದ್ದಳು. ನನಗೆ ಜಂಬವೋ ಜಂಬ. ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವಳು ಚೆನ್ನಾಗಿ ಕಲಿತಿದ್ದಾಳೆ, ನನಗೆ ತೃಪ್ತಿಯಾಗಿದೆ ಎಂದು ಸ್ಕೂಲಿನಿಂದ ಕೊಡಬೇಕಾದ ಐದನೇ ನಂಬರಿನ ಫಾರಂಗೆ ಹೆಮ್ಮೆಯಿಂದ ಸಹಿ ಹಾಕಿದೆ.

ಗಣೇಶನ ಹಬ್ಬ ಕಳೆದು ಟೆಸ್ಟು. ರಾತ್ರಿಯೆಲ್ಲ ಮಳೆ ಬಂದು ಮೈದಾನ ಒದ್ದೆಯಾಗಿತ್ತು. ಎಡಗಡೆಯ ಸೀಟಿನಲ್ಲಿ ಇನ್‌ಸ್ಪೆಕ್ಟರ್ ಕುಳಿತರು. ಆ ಸೀಟಿನಲ್ಲಿ ಕೂತವರು ಪೆಡಲು ಮುಟ್ಟುವಂತಿಲ್ಲ, ಅವರು ಮುಟ್ಟುವವರೂ ಅಲ್ಲ. ಎಂಟು ಹಾಕಿದ್ದು ಅಚ್ಚುಕಟ್ಟಾಗಿತ್ತು. ಹಿಂದಕ್ಕೆ ತೆಗೆದದ್ದೂ ಸರಿಯಿತ್ತು. ಕೊನೆಗೆ ಏರು. ಅರ್ಧ ಹತ್ತಿ, ನಿಲ್ಲಿಸಿ, ಮತ್ತೆ ಹೊರಡಬೇಕು. ಅವಳು ನಿಲ್ಲಿಸಿದಳು. ಹೊರಡುವಾಗ ಕಾರು ಹಿಂದಕ್ಕೆ ಜಾರಿತು, ಇಂಜಿನ್ ನಿಂತಿತು. ಮತ್ತೆ ಶುರು ಮಾಡಿದಳು, ಮತ್ತೆ ಜಾರಿತು. ಮೂರನೇ ಸಲ ಕ್ಲಚ್ಚನ್ನು ಅರ್ಧಕ್ಕೇ ಹಿಡಿದು ರೇಸ್ ಕೊಟ್ಟುಕೊಂಡು ಅಲ್ಲೇ ನಿಂತುಬಿಟ್ಟಳು. ದೂರದಲ್ಲಿದ್ದ ನನ್ನ ಮೂಗಿಗೂ ಆ ವಾಸನೆ ಬಂತು.

ಇನ್‌ಸ್ಪೆಕ್ಟರ್ ಕೆಟ್ಟವರಲ್ಲ. ಇಳಿದು ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಏರಿನಲ್ಲಿ ಕ್ಲಚ್ ಹಿಡಿದು ಗಾಡಿ ಮುಂದಕ್ಕೆ ಎಳೆಯುತ್ತಿದೆ ಎಂದು ನಮಗೆಲ್ಲ ಇಂಜಿನ್ನಿನ ದನಿ ಇಳಿದಾಗ ಗೊತ್ತಾಗುತ್ತದೆ, ಆಕೆಗೆ ಅದು ಹೇಗೆ ಗೊತ್ತಾಗಬೇಕು ಎಂದರು. ಮುಂದಿನ ಸಲ ಬರುವಾಗ ವೈದ್ಯರಿಂದ ಇನ್ನೊಂದು ಅಭಿಪ್ರಾಯ ತರಲಿ ಎಂದರು. ನಾನು ದೆಹಲಿಯ ಪತ್ರದ ಮಾತೆತ್ತಿದೆ.

"ಪತ್ರ ಡೆಲ್ಲಿದು ಗುರುಗಳೇ, ಟೆಸ್ಟ್ ನಂದು. ನಾಳೆ ಯಾರಿಗಾದ್ರೂ ಗುದ್ದಿದ್ರೆ ಕೇಳೋದು ನನ್ನ."

ಅದರಲ್ಲೂ ನ್ಯಾಯವಿತ್ತು. ಆದರೆ ವೈದ್ಯರ ಹೊಸ ಅಭಿಪ್ರಾಯ ಎಂದರೆ ಸರತಿ, ತಾರೀಖು, ಮತ್ತೆ ತಾರೀಖು. ದೀಪಾವಳಿ ಕಳೆದುಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ವಾಪಸು ಬರುವಾಗ ಕಾರು ನಾನೇ ಓಡಿಸಿದೆ. ಜಯನಗರದ ಹತ್ತಿರ ಅವಳು ಪುಸ್ತಕ ತೆಗೆದು, ಇಂಜಿನ್ ಸದ್ದು ಕೇಳಿಸಿದ್ದರೆ ತನಗೆ ಆಗುತ್ತಿತ್ತೇ ಎಂದು ಬರೆದು ತೋರಿಸಿದಳು. ನಾನು ಹೌದು ಎಂದು ತಲೆಯಾಡಿಸಿದೆ. ಆ ಹೊತ್ತಿಗೆ ಹಾಗೇ ನಂಬಿದ್ದೆ. ಅವಳು ಅದರ ಕೆಳಗೆ ಇನ್ನೊಂದು ಸಾಲು ಬರೆದಳು: "ಹಾಗಾದ್ರೆ ಡೆಲ್ಲಿಯವರು ಹೇಳಿದ್ದು ತಪ್ಪು." ಬರೆದು ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರನ್ನು ಉತ್ತರಹಳ್ಳಿ ಕಡೆಯ ಏರಿಗೆ ಕರೆದುಕೊಂಡು ಹೋಗಿದ್ದೆ. ಅವರ ಕಿವಿ ಚುರುಕಾಗಿತ್ತು, ಏರಿನಲ್ಲಿ ಸಲೀಸಾಗಿ ಹೊರಟರು. ಹಿಂದಿನ ದಿನದ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದುದರಿಂದಲೋ ಏನೋ, ನಾನು ಬಗ್ಗಿ ನನ್ನ ಕಾಲನ್ನು ನೋಡಿಕೊಂಡೆ. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿನ ಮೇಲೆ. ಅವೆರಡೂ ನನ್ನನ್ನು ಕೇಳದೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಅವರನ್ನು ಅದೇ ಜಾಗಕ್ಕೆ ವಾಪಸು ಕರೆತಂದೆ. ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಚಕ್ಕಳಮಕ್ಕಳ ಹಾಕಿ ಕೂತೆ. ಅವರು ವಿಚಿತ್ರವಾಗಿ ನೋಡಿದರು. ಹೊರಡಿ ಎಂದೆ. ಕಾರು ಹಿಂದಕ್ಕೆ ಜಾರಿತು, ಕೈಬ್ರೇಕ್ ಎಳೆದು ನಿಲ್ಲಿಸಿದೆ.

ಆ ವಾರ ಬಂದ ಆರು ಜನರನ್ನೂ ಅದೇ ಏರಿನಲ್ಲಿ, ಅದೇ ಭಂಗಿಯಲ್ಲಿ ಕೂತು ನೋಡಿದೆ. ಆರು ಜನರೂ ಜಾರಿದರು. ಎಲ್ಲರಿಗೂ ಎರಡೆರಡು ಕಿವಿ ಇದ್ದವು. ಇಪ್ಪತ್ತು ವರ್ಷ ಏರಿನಲ್ಲಿ ನಾನು ಯಾರಿಗೂ ಏನೂ ಕಲಿಸಿರಲಿಲ್ಲ. ಅವರ ಪರವಾಗಿ ನಾನೇ ಹತ್ತಿಸುತ್ತಿದ್ದೆ. ಉಳಿದವರು ಟೆಸ್ಟಿನಲ್ಲಿ ಹೇಗೋ ದಾಟಿ ಆಮೇಲೆ ಕಲಿತುಕೊಂಡಿರಬೇಕು. ಅಂಬಿಕಾಳ ವಿಷಯದಲ್ಲಿ ಇನ್ನೂ ಮೋಸವಾಗಿತ್ತು. ಬೇರೆಯವರಿಗೆ ನನ್ನ ಕಾಲು ಬರೀ ಆಸರೆ, ಅವಳಿಗೆ ಅದೇ ಮಾತು. ಮೈದಾನದ ಏರಿನಲ್ಲಿ ಅವಳು ಪೆಡಲು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳು. ಅದು ಏನೂ ಹೇಳಲಿಲ್ಲ. ನಾನು ಜಂಬ ಕೊಚ್ಚಿಕೊಂಡು ತಿರುಗಿದ ಆ ಭಾಷೆಯೇ ಅವಳನ್ನು ಬೀಳಿಸಿತ್ತು, ತಪ್ಪು ಮಾತ್ರ ಅವಳ ಕಿವಿಯ ಮೇಲೆ ಬಿದ್ದಿತ್ತು.

ಗೊತ್ತಾದ ಮೇಲೂ ನಾಲ್ಕು ದಿನ ಸುಮ್ಮನಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ಮುಂದಿನ ಜನವರಿಯಲ್ಲಿ ನನ್ನ ಸ್ಕೂಲಿನ ಪರವಾನಗಿ ನವೀಕರಣಕ್ಕಿತ್ತು, ಅದೇ ಕಚೇರಿಯಲ್ಲಿ. ಕಲಿಸದೆಯೇ ಕಲಿಸಿದ್ದೇನೆ ಎಂದು ಸಹಿ ಹಾಕಿದವನಿಗೆ ಅಲ್ಲಿ ಯಾರು ಮಣೆ ಹಾಕುತ್ತಾರೆ? ಐದನೇ ದಿನ ತಡೆಯಲಾರದೆ ಲ್ಯಾಬಿಗೆ ಹೋದೆ. ಅಂಬಿಕಾ ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ, ದೀಪದ ಕೆಳಗೆ, ಅಕ್ಕಿಕಾಳಿನಷ್ಟು ಸಣ್ಣ ಕುಂಚದಿಂದ ಒಂದು ಹಲ್ಲಿಗೆ ಬಣ್ಣ ಹಚ್ಚುತ್ತಿದ್ದಳು. ನಾನು ಅವಳ ಎದುರು ಸ್ಟೂಲಿನ ಮೇಲೆ ಕೂತು, ತುಟಿ ಚೆನ್ನಾಗಿ ಕಾಣುವಂತೆ, ಎಲ್ಲವನ್ನೂ ಹೇಳಿದೆ. ಆರು ಜನರ ಕಥೆಯನ್ನೂ ಹೇಳಿದೆ. ಅವಳು ಕುಂಚ ಕೆಳಗಿಟ್ಟಳು. ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಆಮೇಲೆ ಬರೆದಳು: "ಇದನ್ನ ಅವರಿಗೆ ಹೇಳ್ತೀರಾ?"

ಹೇಳಿದೆ. ಮರುದಿನ ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಅವರ ಮೇಜಿನ ಮುಂದೆ ನಿಂತು, ತಪ್ಪು ಆಕೆಯ ಕಿವಿಯದಲ್ಲ, ನನ್ನ ಕಾಲಿನದು ಎಂದೆ. ಅವರಿಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಪೆನ್ನಿನ ಕ್ಯಾಪು ತೆಗೆದು, ಹಾಕಿ, ತೆಗೆದು, ಇದು ನಿಮಗೇ ತಿರುಗಿಬೀಳುತ್ತದೆ, ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ ಎಂದೆ. ಬರೆದು ಕೊಡಿ ಎಂದರು. ಅಲ್ಲೇ ನಿಂತು ಬರೆದು ಕೊಟ್ಟೆ. ಅದಕ್ಕೆ ಪ್ರತಿಯಾಗಿ ವಾರದ ನಂತರ ನನ್ನ ಸ್ಕೂಲಿಗೆ ಒಂದು ನೋಟಿಸ್ ಬಂತು, ಜನವರಿಯಲ್ಲಿ ಪರವಾನಗಿ ಕೈಗೆ ಬರುವವರೆಗೆ ಹತ್ತು ಸಲ ಓಡಾಡಿದೆ. ಅದೆಲ್ಲ ನ್ಯಾಯವೇ. ಆದರೆ ಅವತ್ತು ಅವರು ವೈದ್ಯರ ಅಭಿಪ್ರಾಯದ ಮಾತನ್ನು ಬಿಟ್ಟು, ದೀಪಾವಳಿಗೆ ಮೊದಲಿನ ಒಂದು ತಾರೀಖು ಕೊಟ್ಟರು.

ನಮಗೆ ಹನ್ನೆರಡು ದಿನ ಸಿಕ್ಕಿತು. ಹನ್ನೆರಡು ದಿನವೂ ನಾನು ಚಕ್ಕಳಮಕ್ಕಳ ಹಾಕಿಕೊಂಡು, ಕೈಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ಪಕ್ಕದಲ್ಲಿ ಕೂತೆ. ದೆಹಲಿಯ ನಿಯಮ ಬರೆದವರು ನೋಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಮೊದಲ ದಿನ ಮೂವತ್ತು ಸಲ ಜಾರಿದಳು. ಕ್ಲಚ್ ಹಿಡಿಯುತ್ತಿದೆ ಎಂದು ಅವಳಿಗೆ ಹೇಗೆ ತಿಳಿಸಬೇಕೆಂದು ನಾನು ತಲೆ ಕೆಡಿಸಿಕೊಂಡೆ, ಆದರೆ ಅದನ್ನು ಅವಳೇ ಕಂಡುಕೊಂಡಳು. ಕ್ಲಚ್ ಹಿಡಿಯುವ ಕ್ಷಣಕ್ಕೆ ಸ್ಟೇರಿಂಗ್ ಚಕ್ರದಲ್ಲಿ ಒಂದು ಸಣ್ಣ ನಡುಕ ಬರುತ್ತದೆ, ಸೀಟಿನ ಬೆನ್ನಿನಲ್ಲೂ ಬರುತ್ತದೆ. ಪಿಂಗಾಣಿ ಹಲ್ಲನ್ನು ನಯಗೊಳಿಸುವ ಪುಟ್ಟ ಯಂತ್ರದ ನಡುಕವನ್ನು ಎಂಟು ವರ್ಷ ಬೆರಳಲ್ಲಿ ಹಿಡಿದವಳಿಗೆ ಅದು ಸಾಕಾಯಿತು. ನಾನೂ ಕಣ್ಣು ಮುಚ್ಚಿ ಸ್ಟೇರಿಂಗಿನ ಮೇಲೆ ಕೈಯಿಟ್ಟು ನೋಡಿದೆ. ಇತ್ತು. ಮೂವತ್ತು ವರ್ಷ ಕಾರು ಓಡಿಸಿದವನಿಗೆ ಅದು ಅಲ್ಲಿರುವುದು ಗೊತ್ತೇ ಇರಲಿಲ್ಲ.

ಎರಡನೇ ಟೆಸ್ಟಿನ ಬೆಳಿಗ್ಗೆ ಬಿಸಿಲಿತ್ತು. ಇನ್‌ಸ್ಪೆಕ್ಟರ್ ಹತ್ತುವ ಮೊದಲು ನನ್ನನ್ನು ಮೈದಾನದ ಬೇಲಿಯವರೆಗೆ ಕಳಿಸಿದರು. ಅವಳು ಎಂಟು ಹಾಕಿದಳು, ಹಿಂದಕ್ಕೆ ತೆಗೆದಳು. ಏರಿನ ಅರ್ಧಕ್ಕೆ ಬಂದು ನಿಂತಳು. ಬೇಲಿಯಿಂದ ನನಗೆ ಅವಳ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಕಾರು ಒಂದು ಗೇಣು ಹಿಂದಕ್ಕೆ ಬಂತು. ಕಾರು ಅಲ್ಲೇ ತಡೆದು, ಒಂದು ಕ್ಷಣ ಹಾಗೇ ಇದ್ದು, ಆಮೇಲೆ ಮೂಗನ್ನು ಸ್ವಲ್ಪ ಎತ್ತಿ, ನಿಧಾನವಾಗಿ ಮೇಲೆ ಹತ್ತಿಹೋಯಿತು. ವಾಸನೆ ಬರಲಿಲ್ಲ.

ಆಚೆ ಇಳಿದು ಸುತ್ತಿಕೊಂಡು ಬಂದು ಬೇಲಿಯ ಪಕ್ಕದಲ್ಲೇ ಕಾರು ನಿಲ್ಲಿಸಿದಳು. ಇನ್‌ಸ್ಪೆಕ್ಟರ್ ಕಾಗದದ ಮೇಲೆ ಒಂದು ಗುರುತು ಹಾಕಿ, ನನ್ನ ಕಡೆ ನೋಡದೆ ಮುಂದಿನ ಕಾರಿನತ್ತ ನಡೆದರು. ಅಂಬಿಕಾ ಇಳಿದು ಬಂದು ನನ್ನ ಎದುರು ನಿಂತಳು. ನಾನು ಶಹಬ್ಬಾಸ್ ಎಂದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದಳು. ನಾನೂ ನೋಡಿಕೊಂಡೆ. ಮೈದಾನದ ಮೆತ್ತನೆಯ ಮಣ್ಣಿನಲ್ಲಿ ನನ್ನ ಎರಡೂ ಪಾದ ಅರ್ಧ ಹೂತಿದ್ದವು. ಇನ್ನೂ ಒತ್ತುತ್ತಲೇ ಇದ್ದೆ.

ಆಗ ಅವಳ ದನಿಯನ್ನು ಮೊದಲ ಸಲ ಕೇಳಿದೆ. ಏರಿಳಿತವಿಲ್ಲದ, ಸ್ವಲ್ಪ ಗೊಗ್ಗರು, ಆದರೆ ಪ್ರತಿ ಅಕ್ಷರವೂ ಸ್ಪಷ್ಟ.

"ಕಾಲು ತೆಗೀರಿ ಸಾರ್."